ಅವರು ಮರೆತರೂ ಮರೆಯದ ದೇವರು
ವಾಕ್ಯಭಾಗ: ಯೆಶಾಯ 49:14-16, ವಿಮೋಚನಕಾಂಡ 17:10-13

ಇವತ್ತಿನ ಪಾಠ ವಿಶೇಷವಾಗಿ ಅಪ್ಪ ಅಮ್ಮನ್ನ ಯಗಟಿ ಕಡೆ ಬಿಟ್ಟು, ಕಡೂರಲ್ಲಿ ರೈಲು ಹತ್ತಿ ಬೆಂಗಳೂರು ಸೇರಿರೋ ತಮ್ಮ ತಂಗಿಯರಿಗೆ.

ಅರವತ್ತಕ್ಕೆ ಅರಳು ಮರಳು ಅಂತ ಹೇಳಿ ನಾವು ಸುಮ್ಮನಾಗಿಬಿಡ್ತೀವಿ. ಆದರೆ ಡಿಮೆನ್ಷಿಯಾ ಬರೀ ವಯಸ್ಸಿನ ಮರೆವಲ್ಲ, ಅದು ಮೆದುಳಿನ ಕಾಯಿಲೆ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕೋದು ಬೇರೆ. ನಲವತ್ತು ವರ್ಷ ಜೊತೆಗೆ ಬಾಳಿದ ಗಂಡನ್ನೇ "ನೀವ್ಯಾರು?" ಅಂತ ಕೇಳೋದು ಬೇರೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಇದಿದೆ.

1. ಇದು ದೆವ್ವವಲ್ಲ, ಶಿಕ್ಷೆಯೂ ಅಲ್ಲ

ಯೋಹಾನ 9ರಲ್ಲಿ ಶಿಷ್ಯರು ಹುಟ್ಟುಕುರುಡನನ್ನ ನೋಡಿ, ಯಾರ ಪಾಪದಿಂದ ಹೀಗಾಯ್ತು ಅಂತ ಕೇಳಿದರು. ಯೇಸು ಆ ಲೆಕ್ಕಾಚಾರವನ್ನೇ ಒಪ್ಪಲಿಲ್ಲ. ನಾವು ಸ್ವಸ್ಥತೆಗಾಗಿ ಪ್ರಾರ್ಥಿಸುವ ಸಭೆ, ಕೈಯಿಟ್ಟು ಪ್ರಾರ್ಥಿಸೋಣ. ಆದರೆ ಮಾತ್ರೆ ನಿಲ್ಲಿಸಿ ಅಂತ ಯಾರಿಗೂ ಹೇಳಬೇಡಿ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆ ಇದ್ದರೂ ಇಂಥದೇ ಮರೆವು ಬರಬಹುದು, ಅವಕ್ಕೆ ಚಿಕಿತ್ಸೆ ಇದೆ. ಆದ್ದರಿಂದ ಮೊದಲು ಡಾಕ್ಟರಿಗೆ ತೋರಿಸಿ. ನೋಡಿಕೊಳ್ಳೋರ ಮನಸ್ಸು ಕುಸಿದಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

2. ಒಡಂಬಡಿಕೆ ನೆನಪಿನ ಮೇಲೆ ನಿಂತಿಲ್ಲ

ಮಂಗಳೂರಿನಲ್ಲಿ ಹುಟ್ಟಿ ದೇಶದ ರಕ್ಷಣಾ ಮಂತ್ರಿಯಾದ ಜಾರ್ಜ್ ಫರ್ನಾಂಡಿಸ್ ಅವರಿಗೆ ಕೊನೆಯ ವರ್ಷಗಳಲ್ಲಿ ಆಲ್ಝೈಮರ್ಸ್ ಇತ್ತು. ಬಹಳ ವರ್ಷ ಬೇರೆಯಾಗಿದ್ದ ಪತ್ನಿ ಲೈಲಾ ಕಬೀರ್ 2010ರಲ್ಲಿ ಅವರ ಆರೈಕೆಗೆ ನಿಂತರು. ಹೊಗಳಿಕೆ, ಪ್ರೀತಿಯ ಮಾತು ವಾಪಸ್ ಸಿಗದಿದ್ದ ಸೇವೆ ಅದು. ಅಮೆರಿಕದ ರಾಬರ್ಟ್‌ಸನ್ ಮೆಕ್ವಿಲ್ಕಿನ್ 1990ರಲ್ಲಿ ಬೈಬಲ್ ಕಾಲೇಜಿನ ಅಧ್ಯಕ್ಷ ಸ್ಥಾನವನ್ನೇ ಬಿಟ್ಟು, ಇದೇ ಕಾಯಿಲೆಯಿದ್ದ ಹೆಂಡತಿ ಮ್ಯೂರಿಯಲ್‌ಳನ್ನ 2003ರಲ್ಲಿ ಆಕೆ ತೀರಿಕೊಳ್ಳುವವರೆಗೆ ನೋಡಿಕೊಂಡರು.

ಯೆಶಾಯನ ವಾಕ್ಯದಲ್ಲೂ ಇದೇ ಇದೆ. ತಾಯಿ ಕೂಸನ್ನ ಮರೆತರೂ ಮರೆಯೆನು ಅನ್ನೋ ದೇವರ ಮಾತು ನಮ್ಮ ಜ್ಞಾಪಕಶಕ್ತಿ ನೋಡಿ ಕೊಟ್ಟದ್ದಲ್ಲ. ಅಂದಮೇಲೆ ಯೇಸುವಿನ ಹೆಸರನ್ನೇ ಮರೆತ ಅಮ್ಮ ಕೈಬಿಟ್ಟು ಹೋದವಳಲ್ಲ, ಅವನ ಅಂಗೈಯಲ್ಲೇ ಇದ್ದಾಳೆ.

3. ವಾದದಲ್ಲಿ ಗೆಲ್ಲಬೇಡಿ

ಅಮ್ಮ ಸಂಜೆ ಹೊತ್ತು "ನಮ್ಮವ್ವನ ಮನೆಗೆ ಹೋಗ್ಬೇಕು" ಅಂತ ಹಟ ಹಿಡೀತಾಳೆ. "ನಿಮ್ಮವ್ವ ಸತ್ತು ಇಪ್ಪತ್ತು ವರ್ಷ ಆಯ್ತಲ್ಲಮ್ಮ" ಅಂದರೆ ಪ್ರತಿದಿನ ಅವಳಿಗೆ ಹೊಸ ಸಾವು. "ಅವ್ವ ಏನೇನು ಅಡುಗೆ ಮಾಡ್ತಿದ್ರು, ಹೇಳಮ್ಮ" ಅಂತ ಕೇಳಿ. ಅದು ಸುಳ್ಳೂ ಅಲ್ಲ, ನೋವೂ ಅಲ್ಲ. ಒಂದು ಸಲಕ್ಕೆ ಒಂದೇ ಮಾತು ಹೇಳಿ. ಹಳೇ ಕ್ರಿಸ್ತಗೀತೆ ಹಾಡಿ, ಊಟ ಮರೆತವರು ಹಾಡು ಮರೆಯದೇ ಇರಬಹುದು. ಒಬ್ಬರೇ ಹೊರಗೆ ಹೋಗಿಬಿಡೋ ಅಭ್ಯಾಸ ಇದ್ದರೆ ಹೆಸರು, ಫೋನ್ ನಂಬರ್ ಬರೆದ ಚೀಟಿ ಸದಾ ಅವರ ಹತ್ತಿರ ಇರಲಿ.

4. ಮೋಶೆಯ ಕೈ ಸೋತಾಗ

ಮೋಶೆಯಂಥ ದೇವಮನುಷ್ಯನ ಕೈಗಳೇ ಸೋತವು. ಆರೋನ, ಹೂರ "ವಿಶ್ವಾಸ ಇಡು" ಅಂತ ಉಪದೇಶ ಮಾಡಲಿಲ್ಲ. ಕೂರೋಕೆ ಕಲ್ಲು ಕೊಟ್ಟರು, ಸೂರ್ಯ ಮುಳುಗೋವರೆಗೆ ಕೈ ಹಿಡಿದು ನಿಂತರು.

ನಿಮ್ಮ ಅಪ್ಪ ರಾತ್ರಿ ನಾಲ್ಕು ಸಲ ಎದ್ದು ಅಮ್ಮನ ಬಟ್ಟೆ ಬದಲಾಯಿಸ್ತಿರಬಹುದು. ಫೋನಿನಲ್ಲಿ ಮಾತ್ರ "ಚೆನ್ನಾಗಿದೀವಪ್ಪ" ಅಂತಾರೆ. ಭಾನುವಾರದ ವಿಡಿಯೋ ಕಾಲ್ ಸಾಲದು ಪ್ರಿಯರೇ. ಈ ತಿಂಗಳು ಒಂದು ಶನಿವಾರ ಊರಿಗೆ ಬನ್ನಿ. ಅಮ್ಮನ ಪಕ್ಕ ನೀವು ಮಲಗಿ, ಅಪ್ಪ ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಲಿ. ಊರಲ್ಲೇ ಇರೋ ಯೌವನಸ್ಥರೇ, ಅಂಥ ಮನೆಯಲ್ಲಿ ಎರಡು ಗಂಟೆ ಕೂತ್ಕೊಳ್ಳಿ, ಆ ಅಜ್ಜ ಆರಾಧನೆಗೆ ಬಂದು ಹೋಗಲಿ. ಅದೂ ಆರಾಧನೆಯೇ.

ಪ್ರಾರ್ಥಿಸೋಣ: ಕರ್ತನೇ, ಮರೆತವರನ್ನ ನೀನು ನೆನೆಯುತ್ತೀ, ಸ್ತೋತ್ರ. ದಣಿದ ಕೈಗಳ ಕೆಳಗೆ ನಮ್ಮ ಕೈಗಳನ್ನ ಇಡು. ಆಮೆನ್.