ಮನಸ್ಸಿನ ಆರೋಗ್ಯ: ಮೂಲನಿವಾಸಿ ಯುವಜನರಿಂದ ಒಂದು ಪಾಠ



ಜ್ವರ ಬಂದರೆ ನಾವು ಎಲ್ಲರಿಗೂ ಹೇಳುತ್ತೇವೆ. ಮನಸ್ಸು ಕುಗ್ಗಿದರೆ ಹೇಳುವುದಿಲ್ಲ. ನಮ್ಮ ಮನೆಯ ಉರ್ದುವಿನಲ್ಲಿ 'ಲೋಗಾಂ ಕ್ಯಾ ಬೋಲ್ತೆ?' ಎಂಬ ಮಾತಿದೆ. ಜನ ಏನಂತಾರೋ ಎಂಬ ಈ ಅಂಜಿಕೆಯೇ ನಮ್ಮ ಬಾಯಿ ಕಟ್ಟುತ್ತದೆ. ಇಂಥ ಮೌನವನ್ನು ಮುರಿಯಲು ಕೆನಡಾದ ಮೂಲನಿವಾಸಿ ಯುವಜನರು ಏನು ಮಾಡಿದರೆಂದು ತಿಳಿಯೋಣ.

ಹಿನ್ನೆಲೆ: ಕೆನಡಾದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರ ಮತ್ತು ಚರ್ಚುಗಳು ವಸತಿ ಶಾಲೆಗಳನ್ನು ನಡೆಸಿದವು. ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರಮಾಡಿ ಅಲ್ಲಿ ಇರಿಸಲಾಯಿತು. ತಾಯ್ನುಡಿ ಆಡಿದರೆ ಶಿಕ್ಷೆ. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಆ ನೋವು ಮೊಮ್ಮಕ್ಕಳವರೆಗೂ ಇಳಿಯಿತು. ಅನೇಕ ಊರುಗಳಲ್ಲಿ ಯುವಜನರ ಆತ್ಮಹತ್ಯೆಗಳು ಹೆಚ್ಚಾದವು.

ಯುವಜನರ ಕೆಲಸ: 2016ರಲ್ಲಿ ಡೆನೆ ಸಮುದಾಯದ ಒಡಹುಟ್ಟಿದವರಾದ ಕೆಲ್ವಿನ್ ಮತ್ತು ಟುಂಚಾಯ್ ರೆಡ್ವರ್ಸ್ 'ವಿ ಮ್ಯಾಟರ್' ಆರಂಭಿಸಿದರು. 'ನಮಗೂ ಬೆಲೆಯಿದೆ' ಎಂಬುದು ಇದರ ಅರ್ಥ. ಮೂಲನಿವಾಸಿಗಳು ತಾವು ಕಂಡ ಕಷ್ಟದ ದಿನಗಳನ್ನೂ ಅವುಗಳನ್ನು ದಾಟಿದ ಬಗೆಯನ್ನೂ ಚಿಕ್ಕ ವಿಡಿಯೊಗಳಲ್ಲಿ ಹೇಳಿದರು. ಮುಂದೆ ಯುವಕ ಯುವತಿಯರಿಗೆ ತರಬೇತಿ ಕೊಟ್ಟು 'ಭರವಸೆಯ ರಾಯಭಾರಿ'ಗಳನ್ನಾಗಿ ಮಾಡಲಾಯಿತು.

ಸಂಶೋಧನೆ ಹೇಳುವುದು: ವಾಣಿಜ್ಯ ವಿದ್ಯಾರ್ಥಿಯಾದ ನನ್ನ ಗಮನ ಅಂಕಿಗಳ ಕಡೆ ಹೋಯಿತು. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸುಮಾರು 200 ಮೂಲನಿವಾಸಿ ಸಮುದಾಯಗಳನ್ನು ಚಾಂಡ್ಲರ್ ಮತ್ತು ಲಾಲೊಂಡ್ ಅಧ್ಯಯನ ಮಾಡಿ 1998ರಲ್ಲಿ ವರದಿ ಪ್ರಕಟಿಸಿದರು. ಸಮಸ್ಯೆ ಎಲ್ಲ ಕಡೆ ಒಂದೇ ಸಮನಾಗಿರಲಿಲ್ಲ. ಶಾಲೆ, ಆರೋಗ್ಯ ಸೇವೆ, ಸಂಸ್ಕೃತಿಯ ತಾಣಗಳನ್ನು ತಾವೇ ನೋಡಿಕೊಳ್ಳುವ ಸಮುದಾಯಗಳಲ್ಲಿ ಯುವಜನರ ಆತ್ಮಹತ್ಯೆ ಕಡಿಮೆಯಿತ್ತು. ಹೆಚ್ಚಿನವರು ತಾಯ್ನುಡಿ ಆಡುವ ಕಡೆಯೂ ಹಾಗೆಯೇ ಎಂದು 2007ರ ಅಧ್ಯಯನ ತಿಳಿಸಿತು. ಅಂದರೆ ದೋಷ ಆ ಮಕ್ಕಳ ರಕ್ತದಲ್ಲಿರಲಿಲ್ಲ, ಅವರಿಂದ ಕಿತ್ತುಕೊಂಡದ್ದರಲ್ಲಿತ್ತು.

ನಾವು ಕಲಿಯಬೇಕಾದದ್ದು:

1. ಗೆಳೆಯನೊಬ್ಬ ಮಾತು ಬಿಟ್ಟಿದ್ದರೆ ನಾವಾಗಿಯೇ ಹೋಗಿ ಕೇಳೋಣ. ಬುದ್ಧಿ ಹೇಳುವುದಕ್ಕಿಂತ ಮೊದಲು ಪೂರ್ತಿ ಕೇಳಿಸಿಕೊಳ್ಳೋಣ.

2. ಉರ್ದು, ಕನ್ನಡ, ಬ್ಯಾರಿ, ಯಾವುದರಲ್ಲಿ ಮನಸ್ಸು ಬಿಚ್ಚಲು ಸುಲಭವೋ ಅದರಲ್ಲೇ ಮಾತಾಡಲಿ. ಯಾರ ಭಾಷೆಯನ್ನೂ ಆಡಿಕೊಳ್ಳಬಾರದು.

3. 'ಬದುಕುವುದೇ ಬೇಡ' ಎಂಬ ಮಾತು ಕೇಳಿದರೆ ಗುಟ್ಟಾಗಿ ಇಡಬಾರದು. ಅವರನ್ನು ಒಂಟಿಯಾಗಿ ಬಿಡದೆ, ನಂಬಿಕೆಯ ಉಪನ್ಯಾಸಕರಿಗೋ ಮನೆಯ ಹಿರಿಯರಿಗೋ ಕೂಡಲೇ ತಿಳಿಸಬೇಕು. ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ದಿನದ 24 ಗಂಟೆಯೂ ಇದೆ.

ನಾವು ವೈದ್ಯರಲ್ಲ, ಚಿಕಿತ್ಸೆ ನಮ್ಮ ಕೆಲಸವೂ ಅಲ್ಲ. ಆದರೆ ವೈದ್ಯರ ಬಾಗಿಲವರೆಗೆ ಜೊತೆಯಲ್ಲಿ ನಡೆಯಲು ಹದಿನೇಳು ವರ್ಷ ಸಾಕು.