ದಿನದ ಅಲ್ಪ ಕೆಲಸವೂ ಮನೋಧೈರ್ಯವೂ



"ಇದು ನನ್ನಿಂದಾಗದು" ಎಂಬ ಮಾತು ನಮ್ಮ ಗ್ರಾಮಗಳಲ್ಲಿ ಎಷ್ಟು ಸಾರಿ ಕೇಳಬರುತ್ತದೆ! ಓದು ಕಲಿಯಿರಿ ಎಂದರೆ ಈ ಮಾತು. ಮನೆಯ ಖರ್ಚನ್ನು ಬರೆದಿಡಿರಿ ಎಂದರೆ ಈ ಮಾತು. ಗ್ರಾಮಸಭೆಯಲ್ಲಿ ಎದ್ದು ನಿಂತು ನಿಮ್ಮ ಕಷ್ಟವನ್ನು ಹೇಳಿರಿ ಎಂದರೂ ಇದೇ ಮಾತು. ಹೀಗೆ ಹೇಳುವವರು ಸೋಮಾರಿಗಳಲ್ಲ. ನಸುಕಿನಲ್ಲೆದ್ದು ಸಂಜೆಯ ವರೆಗೆ ಬಿಸಿಲಿನಲ್ಲಿ ದುಡಿಯುವ ಜನರೇ ಹೀಗನ್ನುತ್ತಾರೆ. ಅವರಿಗೆ ಕೊರತೆಯಾಗಿರುವದು ಶಕ್ತಿಯಲ್ಲ, ಧೈರ್ಯವೇ. ಮೊದಲು ಧೈರ್ಯವು ಬರಲಿ, ಆಮೇಲೆ ಕೆಲಸಕ್ಕೆ ಕೈಹಾಕೋಣ ಎಂದು ಅವರು ಕಾಯುತ್ತಾರೆ. ಕಾಯುತ್ತಾ ಕಾಯುತ್ತಾ ಪ್ರಾಯವೇ ಕಳೆದುಹೋಗುತ್ತದೆ. ಈ ಪಾಠದಲ್ಲಿ ನಾವು ಕಲಿಯತಕ್ಕ ಸಂಗತಿ ಯಾವದೆಂದರೆ, ಧೈರ್ಯವು ಕೆಲಸದ ಮುಂದೆ ನಡೆಯುವಂಥದ್ದಲ್ಲ, ಕೆಲಸದ ಹಿಂದೆ ಬರುವಂಥದ್ದು. ದಿನದಿನವೂ ಮಾಡುವ ಅಲ್ಪ ಕೆಲಸವೇ ಅದನ್ನು ಹುಟ್ಟಿಸುತ್ತದೆ.

೧. ನಾನು ಮಾಡಿದ ತಪ್ಪು

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತವನಲ್ಲ. ಒಬ್ಬ ಮನುಷ್ಯನಿಗೆ ಹಾನಿ ಮಾಡಿದ ಮೇಲೆ ಕಲಿತವನು. ಸುಮಾರು ಹದಿನೈದು ವರ್ಷಗಳ ಹಿಂದೆ ನಾನು ಧಾರವಾಡ ಸೀಮೆಯ ಒಂದು ಗ್ರಾಮದಲ್ಲಿದ್ದಾಗ ದೊಡ್ಡವರಿಗಾಗಿ ರಾತ್ರಿ ಶಾಲೆಯನ್ನು ನಡಿಸುತ್ತಿದ್ದೆನು. ಅಲ್ಲಿಗೆ ನಾಲ್ವತ್ತೈದು ವರ್ಷ ಪ್ರಾಯದ ಒಬ್ಬ ಒಕ್ಕಲಿಗನು ಬರುತ್ತಿದ್ದನು. "ಮಾಸ್ತರರೇ, ಇದು ಕುಂಟೆ ಹಿಡಿದ ಕೈ, ಬಳಪ ಹಿಡಿಯಲಾರದು" ಎಂದು ಮೊದಲನೆಯ ರಾತ್ರಿ ಹೇಳಿದವನು, ಎರಡು ತಿಂಗಳಲ್ಲಿ ತನ್ನ ಹೆಸರನ್ನು ಪಾಟಿಯ ಮೇಲೆ ಬರೆಯುವವನಾದನು. ಅಷ್ಟರಲ್ಲಿ ಜೋಳದ ಸುಗ್ಗಿಯು ಬಂತು. ಹತ್ತು ರಾತ್ರಿ ಅವನು ಬರಲಿಲ್ಲ. ಹನ್ನೊಂದನೆಯ ರಾತ್ರಿ ಬಂದಾಗ ನಾನು ಎಲ್ಲರೆದುರಿನಲ್ಲಿ, "ಎರಡು ತಿಂಗಳ ಶ್ರಮವನ್ನೆಲ್ಲಾ ನೀರಿಗೆ ಹಾಕಿದಿರಿ. ಇನ್ನು ಮೊದಲಿನಿಂದ ಆರಂಭಿಸಬೇಕು" ಎಂದು ಗದರಿಸಿದೆನು. ಅವನು ಏನೂ ಅನ್ನಲಿಲ್ಲ. ಪಾಟಿಯನ್ನು ಗೋಡೆಗೆ ಒರಗಿಸಿಟ್ಟು ಹೋದನು; ಮತ್ತೆ ಬರಲಿಲ್ಲ.

ಎರಡು ವರ್ಷಗಳಾದ ಮೇಲೆ ಅವನು ಒಂದು ಕಾಗದವನ್ನು ಹಿಡಿದುಕೊಂಡು ನನ್ನ ಮನೆಗೆ ಬಂದನು. ಮಗಳ ಮದುವೆಗಾಗಿ ಸಾಲ ತೆಗೆದುಕೊಂಡಿದ್ದನು. ತಿಂಗಳಿಗೆ ನೂರಕ್ಕೆ ೨ ರೂಪಾಯಿ ಬಡ್ಡಿ ಎಂದು ಬಾಯಿಂದ ಹೇಳಿದ್ದರು. ಕಾಗದದಲ್ಲಿ ೫ ರೂಪಾಯಿ ಎಂದು ಬರೆದಿತ್ತು. ನಾನು ಅದನ್ನು ಓದಿ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಸರು ಬರೆಯಲು ನನಗೆ ಬರುತ್ತಿತ್ತು, ಮಾಸ್ತರರೇ. ಎಲ್ಲಾ ನೀರಿಗೆ ಹೋಯಿತೆಂದು ನೀವೇ ಹೇಳಿದಿರಲ್ಲವೇ? ಅದಕ್ಕೇ ಹೆಬ್ಬೆಟ್ಟು ಒತ್ತಿದೆನು" ಅಂದನು. ಆ ವರ್ಷ ಅವನ ಜೋಡಿ ಎತ್ತುಗಳು ಮಾರಿ ಹೋದವು. ಸಾಲ ಕೊಟ್ಟವನು ಮಾಡಿದ್ದು ಮೋಸವೇ ಸರಿ. ಆದರೆ ಆ ಮೋಸಕ್ಕೆ ಬಾಗಿಲು ತೆರೆದಿಟ್ಟವರಲ್ಲಿ ನಾನೂ ಒಬ್ಬನು. ಮನುಷ್ಯನ ಧೈರ್ಯವು ಹೇಗೆ ಬೆಳೆಯುತ್ತದೆ, ಹೇಗೆ ಬಾಡುತ್ತದೆ ಎಂಬದನ್ನು ನಾನು ತಿಳಿಯದೆ ಇದ್ದೆನು.

೨. ಧೈರ್ಯವು ಹುಟ್ಟುವ ಬಗೆ

ಈ ವಿಷಯವನ್ನು ಬಹಳ ವರ್ಷಗಳ ವರೆಗೆ ಶೋಧಿಸಿದವರಲ್ಲಿ ಆಲ್ಬರ್ಟ್ ಬಂಡೂರ ಎಂಬ ವಿದ್ವಾಂಸರು ಮುಖ್ಯರು. ಇವರು ೧೯೨೫ ನೇ ಇಸವಿಯಲ್ಲಿ ಕೆನಡಾ ದೇಶದ ಒಂದು ಚಿಕ್ಕ ಊರಿನಲ್ಲಿ ಹುಟ್ಟಿ, ಅಮೇರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರವನ್ನು ಕಲಿಸಿ, ೨೦೨೧ ರಲ್ಲಿ ತೀರಿಕೊಂಡರು. ಹಾವೆಂದರೆ ಮಿತಿಮೀರಿ ಹೆದರುವ ಜನರನ್ನು ಅವರು ಕೂಡಿಸಿಕೊಂಡು, ಆ ಭಯವನ್ನು ಬಿಡಿಸುವ ಉಪಾಯವನ್ನು ಪರೀಕ್ಷಿಸಿದರು. ಹೆದರಬೇಡಿರೆಂದು ಬರೇ ಉಪದೇಶ ಮಾಡಲಿಲ್ಲ. ವಿಷವಿಲ್ಲದ ಒಂದು ಹಾವನ್ನು ಮತ್ತೊಬ್ಬರು ಹಿಡಿಯುವದನ್ನು ಮೊದಲು ದೂರದಿಂದ ನೋಡಿಸಿದರು. ಬಳಿಕ ಸ್ವಲ್ಪ ಹತ್ತಿರ ಕರೆದರು. ಬಳಿಕ ಕೈಗೆ ಚೀಲ ಹಾಕಿ ಮುಟ್ಟಿಸಿದರು. ಕಡೆಗೆ ಬರಿಗೈಯಿಂದ ಹಿಡಿಸಿದರು. ಒಂದೊಂದು ಮೆಟ್ಟಲನ್ನು ಏರಿದ ಹಾಗೆ "ಇದು ನನ್ನಿಂದಾಗುತ್ತದೆ" ಎಂಬ ನಂಬಿಕೆಯು ಅವರಲ್ಲಿ ಬಲವಾಗುತ್ತಾ ಬಂತು.

೧೯೭೭ ನೇ ಇಸವಿಯಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಬಂಡೂರರು ಇಂಥ ನಂಬಿಕೆಗೆ ನಾಲ್ಕು ಮೂಲಗಳನ್ನು ತೋರಿಸಿದ್ದಾರೆ. ಮೊದಲನೆಯದು, ತಾನೇ ಮಾಡಿ ಸಾಧಿಸಿದ ಅನುಭವ. ಎರಡನೆಯದು, ತನ್ನಂಥವನೇ ಆದ ಮತ್ತೊಬ್ಬನು ಸಾಧಿಸುವದನ್ನು ಕಣ್ಣಾರೆ ನೋಡುವದು. ಮೂರನೆಯದು, ಇತರರು ಆಡುವ ಮಾತು. ನಾಲ್ಕನೆಯದು, ತನ್ನ ದೇಹದ ಸ್ಥಿತಿ. ಹೇಗೆಂದರೆ, ಎದೆ ಬಡಿದುಕೊಳ್ಳುವಾಗ ಮನುಷ್ಯನು ತಾನು ಅಶಕ್ತನೆಂದು ಎಣಿಸುತ್ತಾನೆ. ಇವುಗಳೊಳಗೆ ಮೊದಲನೆಯದೇ ಎಲ್ಲಕ್ಕಿಂತ ಬಲವಾದದ್ದು. ಹೊಗಳಿಕೆಯ ಮಾತಿನಿಂದ ಹುಟ್ಟಿದ ಧೈರ್ಯವು ಮೊದಲನೆಯ ಸೋಲಿನಲ್ಲಿಯೇ ಕರಗಬಹುದು. ತನ್ನ ಕೈಯಾರೆ ಮಾಡಿ ಪಡೆದ ಧೈರ್ಯವಾದರೋ ನಿಲ್ಲುತ್ತದೆ. ಆ ಒಕ್ಕಲಿಗನು ಹೆಸರು ಬರೆದ ರಾತ್ರಿ ಮೊದಲನೆಯ ಮೂಲದಿಂದ ನೀರು ಕುಡಿದಿದ್ದನು. ನಾನು ಮೂರನೆಯದಕ್ಕೆ ಮಣ್ಣು ಹಾಕಿದೆನು.

೩. ದಿನಕ್ಕೆ ಹನ್ನೆರಡು ಶಬ್ದ

ಅಲ್ಪ ಕೆಲಸದಿಂದ ಏನಾದೀತು ಎಂದು ಕೆಲವರು ಕೇಳಬಹುದು. ಅವರಿಗೆ ನಮ್ಮ ನುಡಿಯಲ್ಲಿಯೇ ಒಂದು ಉತ್ತರವಿದೆ. ಫರ್ಡಿನಾಂಡ್ ಕಿಟೆಲ್ ಎಂಬವರ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರುವಿರಿ. ಇವರು ೧೮೩೨ ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ೧೮೫೩ ರಲ್ಲಿ ಬಾಸೆಲ್ ಮಿಶನಿನವರಿಂದ ಕಳುಹಿಸಲ್ಪಟ್ಟು ನಮ್ಮ ದೇಶಕ್ಕೆ ಬಂದರು. ಆಗ ಅವರಿಗೆ ೨೧ ವರ್ಷ ಪ್ರಾಯ. ಕನ್ನಡವು ಅವರಿಗೆ ಪರಭಾಷೆ. ಇಂಥವರು ಕನ್ನಡ ಪಂಡಿತರ ಸಹಾಯದಿಂದ ಹಳಗನ್ನಡ ಕಾವ್ಯಗಳನ್ನೂ ಜನರ ಆಡುಮಾತನ್ನೂ ಗಾದೆಗಳನ್ನೂ ಶೋಧಿಸಿ ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ೧೮೯೪ ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರ ಪುಟಗಳು ೧೭೦೦ ಕ್ಕೂ ಹೆಚ್ಚು. ಶಬ್ದಗಳು ಸುಮಾರು ೭೦,೦೦೦.

ಈ ಲೆಕ್ಕವನ್ನು ಕೇಳಿದರೆ ನಮಗೆ ತಲೆ ತಿರುಗುತ್ತದೆ. ಆದರೆ ಈ ಕೆಲಸಕ್ಕೆ ಸುಮಾರು ಇಪ್ಪತ್ತು ವರ್ಷಗಳು ಹಿಡಿದವೆಂಬದನ್ನು ನೆನಸಿರಿ. ವರ್ಷಕ್ಕೆ ೩೦೦ ದಿವಸ ಕೆಲಸವೆಂದು ಎಣಿಸಿದರೆ ೨೦ ವರ್ಷಗಳಿಗೆ ೬೦೦೦ ದಿವಸಗಳಾದವು. ೭೦,೦೦೦ ಶಬ್ದಗಳನ್ನು ೬೦೦೦ ದಿವಸಗಳಿಗೆ ಹಂಚಿದರೆ ದಿನ ಒಂದಕ್ಕೆ ೧೨ ಕ್ಕಿಂತಲೂ ತುಸು ಕಡಿಮೆ ಬರುತ್ತದೆ! ಅವರು ದಿನಾಲು ಇಷ್ಟನ್ನೇ ಬರೆದರೆಂದಲ್ಲ. ಬೆಟ್ಟದಂಥ ಕೆಲಸವನ್ನು ದಿವಸಗಳಿಗೆ ಹಂಚಿದರೆ ಅದು ಮನುಷ್ಯನ ಕೈಗೆ ಎಟಕುವಷ್ಟು ಆಗುತ್ತದೆಂಬದೇ ನಾನು ತೋರಿಸುವ ಸಂಗತಿ. ಇನ್ನೊಂದನ್ನೂ ಗಮನಿಸಿರಿ. ಕಿಟೆಲರು ನಡುವೆ ಸ್ವದೇಶಕ್ಕೆ ಹಿಂತಿರುಗಿ ಕೆಲವು ವರ್ಷ ಅಲ್ಲಿದ್ದು, ಐವತ್ತು ವರ್ಷ ಪ್ರಾಯವನ್ನು ದಾಟಿದ ಮೇಲೆ ಈ ಕೆಲಸದ ನಿಮಿತ್ತ ಪುನಃ ಇಲ್ಲಿಗೆ ಬಂದರು. ಅವರ ದಾರಿಯೂ ಒಂದೇ ಸಮನೆ ಸಾಗಿದ್ದಲ್ಲ. ಹನಿಹನಿ ಕೂಡಿದರೆ ಹಳ್ಳ ಎಂದು ನಮ್ಮ ಹಿರಿಯರು ಅನ್ನುತ್ತಾರೆ. ಹನಿಯು ನಡುವೆ ನಿಂತು ಪುನಃ ಬಿದ್ದರೂ ಹಳ್ಳವು ತುಂಬುತ್ತದೆ.

೪. ರೂಢಿಯು ಬೇರೂರಲು ಎಷ್ಟು ದಿವಸ ಬೇಕು?

ಒಂದು ಒಳ್ಳೆಯ ರೂಢಿಯು ಬೇರೂರುವ ವರೆಗೆ ಒಂದು ದಿನವೂ ತಪ್ಪಬಾರದೆಂದು ಅಮೇರಿಕದ ವಿಲಿಯಂ ಜೇಮ್ಸ್ ಎಂಬ ಪ್ರಸಿದ್ಧ ವಿದ್ವಾಂಸರು ೧೮೯೦ ರಲ್ಲಿ ಪ್ರಕಟವಾದ ತಮ್ಮ ಮನಶ್ಶಾಸ್ತ್ರ ಗ್ರಂಥದಲ್ಲಿ ಬುದ್ಧಿ ಹೇಳಿದರು. ಬಹುಜನರು ಈಗಲೂ ಹಾಗೆಯೇ ಎಣಿಸುತ್ತಾರೆ. ಇದು ಎಷ್ಟರ ಮಟ್ಟಿಗೆ ನಿಜವೆಂಬದನ್ನು ತಿಳಿಯಲು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ೯೬ ಜನರನ್ನು ೧೨ ವಾರಗಳ ವರೆಗೆ ಪರೀಕ್ಷಿಸಿ, ಅದರ ಫಲವನ್ನು ೨೦೧೦ ರಲ್ಲಿ ಪ್ರಕಟಿಸಿದರು. ಊಟದ ಸಂಗಡ ನೀರು ಕುಡಿಯುವದು, ಹಣ್ಣು ತಿನ್ನುವದು, ರಾತ್ರಿಯ ಊಟಕ್ಕೆ ಮುಂಚೆ ಕಾಲು ಗಂಟೆ ಓಡುವದು ಎಂಬಂಥ ಒಂದೊಂದು ಅಲ್ಪ ಕೆಲಸವನ್ನು ಒಬ್ಬೊಬ್ಬರು ಆರಿಸಿಕೊಂಡರು. ಯೋಚಿಸದೆಯೇ ಆ ಕೆಲಸವು ನಡೆಯುವಷ್ಟು ರೂಢಿಯಾಗುವದಕ್ಕೆ ನಡುಮಟ್ಟದಲ್ಲಿ ೬೬ ದಿವಸಗಳು ಹಿಡಿದವು. ಕೆಲವರಿಗೆ ೧೮ ದಿವಸಗಳೇ ಸಾಕಾದವು; ಕೆಲವರಿಗೆ ೨೫೪ ದಿವಸಗಳು ಬೇಕಾದೀತೆಂದು ಲೆಕ್ಕದಿಂದ ಕಂಡುಬಂತು. ಆದದರಿಂದ ನೆರೆಯವನಿಗೆ ಒಂದು ತಿಂಗಳಲ್ಲಿ ಕೂಡಿಬಂದದ್ದು ನಿಮಗೆ ಆರು ತಿಂಗಳು ಹಿಡಿದರೆ ನೀವು ದಡ್ಡರೆಂದು ತಿಳಿಯಬಾರದು. ಇದಲ್ಲದೆ, ಒಂದು ದಿನ ತಪ್ಪಿದ್ದರಿಂದ ರೂಢಿಗೆ ಹೇಳಿಕೊಳ್ಳುವಷ್ಟು ಹಾನಿಯಾಗಲಿಲ್ಲವೆಂದೂ ಅವರು ಕಂಡುಕೊಂಡರು.

ಹಾಗಾದರೆ ಹತ್ತು ದಿವಸ ತಪ್ಪಿದರೆ? ಆಗ ರೂಢಿಯು ಸಡಿಲವಾಗಬಹುದು. ಆದರೂ ಕಲಿತದ್ದು ಪೂರಾ ಅಳಿದುಹೋಗುವದಿಲ್ಲ. ಜರ್ಮನಿಯ ಹೆರ್ಮನ್ ಎಬಿಂಗ್‌ಹೌಸ್ ಎಂಬವರು ಅರ್ಥವಿಲ್ಲದ ಅಕ್ಷರಕೂಟಗಳನ್ನು ಬಾಯಿಪಾಠ ಮಾಡಿ, ಮರೆತು, ತಿರಿಗಿ ಕಲಿತು, ತಮ್ಮ ಮೇಲೆಯೇ ಪರೀಕ್ಷೆ ನಡಿಸಿ ೧೮೮೫ ರಲ್ಲಿ ಬರೆದರು. ಒಮ್ಮೆ ಕಲಿತು ಮರೆತಂತೆ ತೋರಿದ್ದನ್ನು ಎರಡನೆಯ ಸಾರಿ ಕಲಿಯಲು ಮೊದಲಿಗಿಂತ ಕಡಿಮೆ ಹೊತ್ತು ಸಾಕಾಯಿತು. ಕಳೆ ಬೆಳೆದ ಹೊಲವು ಹೊಲವೇ ಹೊರತು ಅಡವಿಯಲ್ಲ. ಒಮ್ಮೆ ಉತ್ತ ಭೂಮಿಯನ್ನು ತಿರಿಗಿ ಉಳುವದು ಸುಲಭವೆಂದು ನಿಮಗಿಂತ ಚೆನ್ನಾಗಿ ಬಲ್ಲವರಾರು? "ಮೊದಲಿನಿಂದ ಆರಂಭಿಸಬೇಕು" ಎಂದು ನಾನು ಆಡಿದ ಮಾತು ಕಠೋರವಾದದ್ದಷ್ಟೇ ಅಲ್ಲ, ಸುಳ್ಳೂ ಆಗಿತ್ತು.

೫. ಆಚರಿಸತಕ್ಕ ಕ್ರಮ

ಮೊದಲನೆಯದಾಗಿ, ಕೆಲಸವು ಅಲ್ಪವಾಗಿರಲಿ. ದಣಿದು ಬಂದ ದಿನವೂ ಮಾಡಬಲ್ಲಷ್ಟೇ ಇರಲಿ. ಮೂರು ಅಕ್ಷರ ಬರೆಯುವದು, ಆ ದಿನದ ಖರ್ಚನ್ನು ಒಂದು ಸಾಲಿನಲ್ಲಿ ಬರೆಯುವದು, ಇಷ್ಟು ಸಾಕು.

ಎರಡನೆಯದಾಗಿ, ಅದನ್ನು ಈಗಾಗಲೇ ದಿನಾಲು ನಡೆಯುವ ಯಾವದಾದರೊಂದು ಕೆಲಸಕ್ಕೆ ಕಟ್ಟಿರಿ. "ಬಿಡುವಾದಾಗ ಮಾಡುವೆನು" ಎಂದರೆ ಬಿಡುವು ಆಗುವದೇ ಇಲ್ಲ. "ಹಸು ಕರೆದಾದ ಮೇಲೆ," "ಒಲೆಯ ಮೇಲೆ ಎಸರು ಇಟ್ಟ ಮೇಲೆ," "ಊಟಕ್ಕೆ ಕೈತೊಳೆದಾಗ" ಎಂದು ವೇಳೆಯನ್ನು ಗೊತ್ತುಮಾಡಿರಿ.

ಮೂರನೆಯದಾಗಿ, ಮಾಡಿದ ದಿನಕ್ಕೆ ಗೋಡೆಯ ಮೇಲೆ ಒಂದು ಗೆರೆ ಎಳೆಯಿರಿ. ತಪ್ಪಿದ ದಿನವನ್ನು ಎಣಿಸುವದಕ್ಕಲ್ಲ, ಮಾಡಿದ ದಿನವನ್ನು ನೋಡುವದಕ್ಕೆ.

ನಾಲ್ಕನೆಯದಾಗಿ, ನಿಮ್ಮಂಥವರೇ ಆದ ಒಬ್ಬರನ್ನು ಜೊತೆಗೂಡಿಸಿಕೊಳ್ಳಿರಿ. ಅಕ್ಕನು ಬರೆಯುವದನ್ನು ನೋಡಿ ತಂಗಿಗೆ ಧೈರ್ಯ ಬರುತ್ತದೆ.

ಐದನೆಯದಾಗಿ, ತಪ್ಪಿದರೆ ಮಾರನೆಯ ದಿನವೇ ತಿರಿಗಿ ಕುಳಿತುಕೊಳ್ಳಿರಿ. ತಿರಿಗಿ ಬಂದವರನ್ನು ಯಾರೂ ಗದರಿಸದಿರಲಿ. ಕಲಿಸುವವರೂ ತಂದೆತಾಯಿಗಳೂ ಇದನ್ನು ವಿಶೇಷವಾಗಿ ಮನಸ್ಸಿನಲ್ಲಿಡತಕ್ಕದ್ದು. ಬಿಟ್ಟುಹೋದವನು ಹೊಸ್ತಿಲನ್ನು ದಾಟಿ ತಿರಿಗಿ ಬರುವ ಹೆಜ್ಜೆಯೇ ಎಲ್ಲಾ ಹೆಜ್ಜೆಗಳಲ್ಲಿ ಕಷ್ಟವಾದದ್ದು.

ಇನ್ನೊಂದು ಮಾತನ್ನು ಮರೆಮಾಡಬಾರದು. ಕೂಲಿಯ ಅನ್ಯಾಯವನ್ನೂ ಹೊಟ್ಟೆಯ ಹಸಿವನ್ನೂ ಬರೇ ಒಳ್ಳೆಯ ರೂಢಿಯು ನೀಗಿಸಲಾರದು. ಬಹುದಿನ ಯಾವದರಲ್ಲಿಯೂ ಮನಸ್ಸು ನಿಲ್ಲದೆ, ನಿದ್ರೆಯೂ ಊಟವೂ ಸೇರದೆ ಹೋದರೆ ಅದು ಸೋಮಾರಿತನವಲ್ಲ, ರೋಗವಾಗಿರಬಹುದು. ಅಂಥವರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗತಕ್ಕದ್ದು.

ಕಳೆದ ವರ್ಷ ನಾನು ಆ ಗ್ರಾಮಕ್ಕೆ ಹೋಗಿ, ಆ ಒಕ್ಕಲಿಗನ ಮನೆಯನ್ನು ವಿಚಾರಿಸಿಕೊಂಡು ಹೋದೆನು. ಅವನಿಗೆ ಈಗ ಅರುವತ್ತು ವರ್ಷ. ಆ ರಾತ್ರಿ ನಾನಾಡಿದ ಮಾತು ತಪ್ಪಾಗಿತ್ತು, ಕ್ಷಮಿಸಬೇಕು ಎಂದು ಅವನ ಹೆಂಡತಿಯ ಮುಂದೆಯೇ ಕೇಳಿಕೊಂಡೆನು. ಅವಳು ಹಾಲಿನ ಡೇರಿಯಲ್ಲಿ ಕೊಡುವ ಪುಸ್ತಕದ ಅಂಕೆಗಳನ್ನು ಮೊಮ್ಮಗಳಿಂದ ದಿನಕ್ಕೊಂದರಂತೆ ಕಲಿತು, ಈಗ ಲೀಟರನ್ನೂ ರೂಪಾಯಿಯನ್ನೂ ತಾನೇ ಓದಿ ನೋಡುತ್ತಾಳಂತೆ. ಒಮ್ಮೆ ಲೆಕ್ಕ ತಪ್ಪಿದ್ದಾಗ ಅಲ್ಲಿಯೇ ನಿಂತು ಸರಿಮಾಡಿಸಿದಳಂತೆ. ಅವನು ಅವಳ ಕಡೆಗೆ ನೋಡಿದನು, ಬಳಿಕ ನನ್ನ ಕಡೆಗೆ ತಿರುಗಿ, "ಪಾಟಿ ತಂದಿದ್ದೀರೇನು, ಮಾಸ್ತರರೇ?" ಎಂದು ಕೇಳಿದನು. ಪಾಟಿಯನ್ನು ಮೊಮ್ಮಗಳು ಒಳಗಿನಿಂದ ತಂದಳು. ತನ್ನ ಹೆಸರಿನ ಮೊದಲನೆಯ ಎರಡು ಅಕ್ಷರಗಳನ್ನು ಅವನು ಯಾರನ್ನೂ ಕೇಳದೆ ಬರೆದನು. ಅವು ಇನ್ನೂ ಅವನ ಕೈಯಲ್ಲಿದ್ದವು. ಈಗ ಪ್ರತಿ ಸಂಜೆ ಊಟಕ್ಕೆ ಕೈತೊಳೆದ ಕೂಡಲೇ ಮೂರು ಅಕ್ಷರ ಬರೆದು, ಆಮೇಲೆ ರೊಟ್ಟಿ ಮುರಿಯುತ್ತಾನೆಂದು ಸಮಾಚಾರ ಬಂದಿದೆ.

ಯೋಚಿಸತಕ್ಕ ಪ್ರಶ್ನೆಗಳು

೧. "ನನ್ನಿಂದಾಗದು" ಎಂದು ನೀವು ಬಿಟ್ಟಿರುವ ಕೆಲಸ ಯಾವದು? ಅದರ ಎಲ್ಲಕ್ಕಿಂತ ಚಿಕ್ಕ ಮೆಟ್ಟಲು ಯಾವದು?

೨. ಅದನ್ನು ನಿಮ್ಮ ದಿನದ ಯಾವ ಕೆಲಸಕ್ಕೆ ಕಟ್ಟಬಹುದು?

೩. ಬಂಡೂರರು ತೋರಿಸಿದ ನಾಲ್ಕು ಮೂಲಗಳು ಯಾವವು? ಅವುಗಳಲ್ಲಿ ಬಲವಾದದ್ದು ಯಾವದು?

೪. ನಿಮ್ಮ ಮಾತಿನಿಂದ ಯಾರಾದರೂ ಪಾಟಿಯನ್ನು ಕೆಳಗಿಟ್ಟು ಹೋದದ್ದುಂಟೋ? ಇದ್ದರೆ ಈ ವಾರವೇ ಅವರ ಮನೆಗೆ ಹೋಗಿರಿ.