ಟೈಮಿಂಗ್ ಬೇಕಾ? ಮೊದಲು ತಟ್ಟೆ ತುಂಬಿಸಿ

ಹೊಸಹೊಳಲು, ಕೆ.ಆರ್. ಪೇಟೆ, ಪಾಂಡವಪುರದ ಹುಡುಗಿಯರೇ, ಪೊಲೀಸ್ ಫಿಸಿಕಲ್‌ಗೋ ಅಥ್ಲೆಟಿಕ್ ಮೀಟ್‌ಗೋ ರೆಡಿಯಾಗುತ್ತಿದ್ದೀರಾ? ನಸುಕಿಗೇ ಎದ್ದು ಓಡುವ ಛಲ ನಿಮಗಿದೆ. ಅದು ವೇಸ್ಟ್ ಆಗದಂತೆ ಇಷ್ಟು ಮಾಡಿ.

1. ಮುಟ್ಟಿನ ತಾರೀಖು ಬರೆದಿಡಿ. ಓಟದ ಟೈಮಿಂಗ್ ಬರೆಯುವ ಡೈರಿಯಲ್ಲೇ ಬರೆಯಿರಿ. ಡೇಟ್ ತಪ್ಪಿದರೆ ‘ಪ್ರಾಕ್ಟೀಸ್ ಜೋರಾಗಿದೆ’ ಎಂದು ಬೀಗಬೇಡಿ. ತಿನ್ನುವುದು ಕಮ್ಮಿಯಾಗಿ ಓಡುವುದು ಜಾಸ್ತಿಯಾದರೆ ಮೆದುಳು ಖರ್ಚು ಉಳಿಸಲು ಅಂಡಾಶಯಕ್ಕೆ ಕಳಿಸುವ ಸಿಗ್ನಲ್ ಕುಗ್ಗಿಸುತ್ತದೆ. ಮುಟ್ಟು ನಿಲ್ಲುತ್ತದೆ, ಈಸ್ಟ್ರೋಜೆನ್ ಇಳಿಯುತ್ತದೆ, ಹಿಂದೆಯೇ ಮೂಳೆ ಸವೆಯುತ್ತದೆ. ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ‘ರೆಡ್-ಎಸ್’ ಎಂದು ಹೆಸರಿಟ್ಟಿತು. ತೂಕ ನಾರ್ಮಲ್ ಇದ್ದವರಿಗೂ ಇದು ಬರುತ್ತದೆ.

2. ಮೂಳೆ ಈಗಲೇ ಕಟ್ಟಿಕೊಳ್ಳಿ. ಮೂಳೆಯ ಗಟ್ಟಿತನದ ಬಹುಪಾಲು ಕೂಡಿಬರುವುದು 20ರ ಒಳಗೇ. ಅಮೆರಿಕದ ಮೇರಿ ಕೇನ್ 17ನೇ ವಯಸ್ಸಿಗೇ, 2013ರಲ್ಲಿ, ವಿಶ್ವ ಚಾಂಪಿಯನ್‌ಷಿಪ್‌ನ 1500 ಮೀಟರ್ ಫೈನಲ್ ಓಡಿದವರು. ಆಮೇಲೆ ತೂಕ ಇಳಿಸುವ ಒತ್ತಡದಲ್ಲಿ ಮೂರು ವರ್ಷ ಮುಟ್ಟು ನಿಂತು, ಐದು ಮೂಳೆ ಮುರಿದವು ಎಂದು 2019ರಲ್ಲಿ ಅವರೇ ಹೇಳಿದರು.

3. ಮುದ್ದೆ ಬಿಡಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ. ಜೊತೆಗೆ ಹುರುಳಿಕಾಳಿನ ಬಸ್ಸಾರು, ಸೊಪ್ಪಿನ ಪಲ್ಯ ಇರಲಿ. ಓಟಕ್ಕೆ ಮುಂಚೆ ಒಂದು ಬಾಳೆಹಣ್ಣು. ಮುಗಿಸಿದ ಮೇಲೆ ಬೇಯಿಸಿದ ಮೊಟ್ಟೆ, ಇಲ್ಲವೇ ಕಡ್ಲೆಬೀಜ-ಬೆಲ್ಲ. ಬೆಲ್ಲಕ್ಕೆ ಹೆಸರಾದ ಮಂಡ್ಯ ಜಿಲ್ಲೆಯಲ್ಲಿದ್ದುಕೊಂಡು ರೀಲ್ಸ್ ನೋಡಿ ಕಾರ್ಬ್ಸ್ ಬಿಡುವವರಿಗೆ ಏನು ಹೇಳೋಣ!

4. ತೂಕದ ಮಷಿನ್‌ಗೆ ಹೆದರಬೇಡಿ. ಕಾನ್‌ಸ್ಟೇಬಲ್ ನೇಮಕಾತಿಯಲ್ಲಿ ಹೆಣ್ಣುಮಕ್ಕಳಿಗೆ ಕೇಳಿರುವುದು ಕನಿಷ್ಠ 45 ಕೆ.ಜಿ. 400 ಮೀಟರನ್ನು 2 ನಿಮಿಷದೊಳಗೆ ಮುಗಿಸಲು ಕಾಲಲ್ಲಿ ಕಸುವು ಬೇಕು.

5. ನಾಚಿಕೆ ಬಿಡಿ, ಡಾಕ್ಟರಿಗೆ ಹೇಳಿ. ಮೂರು ತಿಂಗಳು ಮುಟ್ಟಾಗದಿದ್ದರೆ, 15 ತುಂಬಿದರೂ ಮೈನೆರೆಯದಿದ್ದರೆ ತಾಲ್ಲೂಕು ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಹೋಗಿ. ಥೈರಾಯ್ಡ್, ಪಿಸಿಒಡಿ, ಗರ್ಭ ಇವೂ ಕಾರಣವಾಗಬಹುದು, ಹಾಗಾಗಿ ಟೆಸ್ಟ್ ಬೇಕೇ ಬೇಕು. ಮೆಡಿಕಲ್ ಶಾಪ್‌ನಿಂದ ಮುಟ್ಟು ತರಿಸುವ ಮಾತ್ರೆ ತಂದು ನುಂಗಬೇಡಿ. ರಕ್ತ ಕಂಡೀತು, ಹೊಟ್ಟೆಗೆ ಸಾಲದ ಸಮಸ್ಯೆ ಹಾಗೇ ಉಳಿದೀತು.

6. ಊಟ ಎಂದರೇ ಭಯವಾ? ತಿಂದದ್ದನ್ನು ಬೇಕೆಂದೇ ವಾಂತಿ ಮಾಡುತ್ತೀರಾ? ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಫ್ರೀ, ಕನ್ನಡದಲ್ಲೇ ಮಾತಾಡಬಹುದು.

7. ಮೊಣಕಾಲ ಕೆಳಗಿನ ಮೂಳೆಯನ್ನು ಬೆರಳಲ್ಲಿ ಒತ್ತಿ ನೋಡಿ. ಒಂದೇ ಜಾಗದಲ್ಲಿ ಚುಚ್ಚಿದಂತೆ ನೋಯುತ್ತಿದ್ದರೆ ಬಿರುಕಿರಬಹುದು. ಡಾಕ್ಟರ್ ನೋಡುವವರೆಗೆ ಓಟ ಬಂದ್.